‘ಕಾರ್ಮೆನ್’ ಗೇಯರೂಪಕದ ದೀರ್ಘಾಯುಸ್ಸು

ಕ್ರಿ. ಶ. 1875ನೆಯ ಇಸವಿ ಮಾರ್ಚಿ ತಿಂಗಳ 3ನೆಯ ತಾರೀಖು ಬುಧವಾರ ಸಾಯಂಕಾಲ ಪ್ಯಾರಿಸ್ ನಗರದ ‘ಒಪೆರಾ ಕಾಮಿಕ್’ ಎಂಬ ರಂಗಮಂದಿರದಲ್ಲಿ ಒಂದು ಹೊಸ ಗೇಯರೂಪಕವು ಮೊಟ್ಟಮೊದಲು ಪ್ರಯೋಗವಾಯಿತು. ರೂಪಕದ ಹೆಸರು ‘ಕಾರ್ಮೆನ್’. ಅದಕ್ಕೆ ಸ್ವರಸಂಯೋಜನೆ ಮಾಡಿದವನು ಜಾರ್ಜ್ ಬಿಜೇ ಎಂಬ ಮೂವತ್ತಾರು ವರ್ಷದ ಫ್ರೆಂಚ್ ಸಂಗೀತವಿದ್ವಾಂಸನು. ಮೊದಲನೆಯ ಅಂಕವು ಮುಗಿದಾಗ ಪ್ರೇಕ್ಷಕರು ಸಂತೋಷದಿಂದ ಕರತಾಡನ ಮಾಡಿದರು. ಎರಡನೆಯ ಅಂಕದಲ್ಲಿ ಗೂಳಿಕಾಳಗದ ವೀರನ ಹಾಡಿಗೂ ಮೆಚ್ಚುಗೆ ದೊರೆಯಿತು. ಮೂರನೆಯದರಲ್ಲಿ ಹಳ್ಳಿಯ ಹುಡುಗಿಯೊಬ್ಬಳ ಹಾಡನ್ನು ಬಿಟ್ಟರೆ ಉಳಿದುದಕ್ಕೆಲ್ಲ ಮೌನವೇ ಉತ್ತರವಾಯಿತು. ನಾಲ್ಕನೆಯ ಅಂಕವು ಮುಗಿದು ತೆರೆ ಬೀಳುವ ಹೊತ್ತಿಗೆ ಸಭೆಯು ಹಿಮದಂತೆ ತಣ್ಣಗಾಗಿದ್ದಿತು. ರೂಪಕದ ಸಾಹಿತ್ಯವನ್ನು ರಚಿಸಿದ ಇಬ್ಬರಲ್ಲಿ ಒಬ್ಬನಾದ ಲ್ಯುಡೊವಿಕ್ ಅಲೆವಿಯೇ ಈ ವಿವರಗಳನ್ನು ಬರೆದಿಟ್ಟಿದ್ದಾನೆ. ಅಂದಿನಿಂದ ಸರಿಯಾಗಿ ಮೂರು ತಿಂಗಳಿಗೆ, ಜೂನ್ 3ರಂದು, ಬಿಜೇ ತೀರಿಕೊಂಡನು.

ಹೀಗೆ ಹುಟ್ಟಿದ ರೂಪಕವು ಇಂದು ಜಗತ್ತಿನಲ್ಲಿ ಅತ್ಯಂತ ಹೆಚ್ಚಾಗಿ ಆಡಲ್ಪಡುವ ನಾಲ್ಕಾರು ಗೇಯರೂಪಕಗಳ ಸಾಲಿಗೆ ಸೇರಿದೆ. ಪಾಶ್ಚಾತ್ಯಸಂಗೀತದ ಗಂಧವಿಲ್ಲದವರೂ ಅದರ ಎರಡು ಹಾಡುಗಳ ಮಟ್ಟನ್ನು ಎಲ್ಲಿಯಾದರೂ ಕೇಳಿಯೇ ಇರುತ್ತಾರೆ. ಹೆಸರು ಮಾತ್ರ ತಿಳಿದಿರುವುದಿಲ್ಲ. ಹುಟ್ಟಿದೂರಿನವರೇ ಕೈಬಿಟ್ಟ ಕೃತಿಯೊಂದು ಇಷ್ಟು ಕಾಲ ಬಾಳಿದ ಬಗೆ ಹೇಗೆ? ಈ ಪ್ರಶ್ನೆಗೆ ರೂಢಿಯಲ್ಲಿ ಒಂದು ಸುಲಭವಾದ ಉತ್ತರವಿದೆ: ಅರಸಿಕರಾದ ಪ್ಯಾರಿಸ್ ಜನರು ತಿರಸ್ಕರಿಸಿದರು, ಸ್ವರಕರ್ತನು ಎದೆಯೊಡೆದು ಸತ್ತನು, ಆಮೇಲೆ ಲೋಕವು ಪಶ್ಚಾತ್ತಾಪಪಟ್ಟಿತು, ಎಂದು. ಕಥೆಯೇನೋ ಮನೋಹರವಾಗಿದೆ, ಆದರೆ ದಾಖಲೆಗಳನ್ನು ನೋಡಿದರೆ ಅದು ಅರ್ಧಸತ್ಯವೆಂದು ತಿಳಿಯುತ್ತದೆ.

ಮೊದಲು ಆ ರಂಗಮಂದಿರದ ಸ್ವಭಾವವನ್ನು ತಿಳಿಯಬೇಕು. ‘ಒಪೆರಾ ಕಾಮಿಕ್’ ಎಂದರೆ ಹಾಸ್ಯರೂಪಕವೆಂದು ಅರ್ಥವಲ್ಲ. ಹಾಡುಗಳ ನಡುನಡುವೆ ಮಾತಿನ ಸಂಭಾಷಣೆಯೂ ಇರುವ ಗೇಯರೂಪಕಕ್ಕೆ ಫ್ರಾನ್ಸಿನಲ್ಲಿ ಆ ಹೆಸರು. ಅಂಥವುಗಳನ್ನು ಆಡುವ ಮಂದಿರಕ್ಕೂ ಅದೇ ಹೆಸರಾಯಿತು. ಆದಿಯಿಂದ ಅಂತ್ಯದವರೆಗೆ ಹಾಡೇ ಇರುವ ಗಂಭೀರರೂಪಕಗಳಿಗೆ ಬೇರೆಯೇ ಮಂದಿರವಿದ್ದಿತು. ಒಪೆರಾ ಕಾಮಿಕ್ಕಿಗೆ ಬರುತ್ತಿದ್ದವರು ಮಧ್ಯಮವರ್ಗದ ಸಂಸಾರವಂದಿಗರು. ವರನ ಕಡೆಯವರೂ ವಧುವಿನ ಕಡೆಯವರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವುದಕ್ಕಾಗಿ ಅಲ್ಲಿ ಬಾಕ್ಸುಗಳನ್ನು ಗೊತ್ತುಮಾಡುವ ಪದ್ಧತಿಯಿದ್ದಿತು. ವಧೂಪರೀಕ್ಷೆಗೆ ಮನೆಯ ನಡುಮನೆಯೊಂದೇ ಸ್ಥಳವೆಂದು ತಿಳಿದ ನಮ್ಮವರಿಗೆ ಇದು ವಿನೋದವಾಗಿ ತೋರಬಹುದು. ಮಂದಿರದ ಇಬ್ಬರು ನಿರ್ದೇಶಕರಲ್ಲಿ ಹಿರಿಯನಾದ ಅಡಾಲ್ಫ್ ದ ಲೂವೆನ್ ಎಂಬಾತನು ‘ಕಾರ್ಮೆನ್’ ಎಂಬ ಹೆಸರನ್ನು ಕೇಳಿದೊಡನೆಯೇ ಹೌಹಾರಿದನು. ಕಳ್ಳರು, ಜಿಪ್ಸಿಗಳು, ಚುಟ್ಟ ಸುತ್ತುವ ಹೆಂಗಸರು, ಕೊನೆಗೆ ರಂಗದ ಮೇಲೆಯೇ ಒಂದು ಕೊಲೆ! ಸಂಸಾರಸ್ಥರ ಮಂದಿರದಲ್ಲಿ ಮರಣವನ್ನು ತೋರಿಸುವುದೇ? ಆತನು 1874ರ ಮೊದಲಲ್ಲಿ ತನ್ನ ಅಧಿಕಾರವನ್ನೇ ಬಿಟ್ಟುಕೊಟ್ಟು ಹೊರಟುಹೋದನು.

ಆ ವೃದ್ಧನನ್ನು ನೋಡಿ ನಗುವ ಮುನ್ನ ಭರತಮುನಿಯನ್ನು ನೆನೆಯುವುದು ಒಳ್ಳೆಯದು. ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವುಗಳನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕಾದಿಗಳಿಂದ ಸೂಚಿಸಬೇಕೆಂಬುದು ನಾಟ್ಯಶಾಸ್ತ್ರದ ವಿಧಿ. ಭಾಸನ ‘ಊರುಭಂಗ’ದಲ್ಲಿ ದುರ್ಯೋಧನನು ಸಭಿಕರ ಕಣ್ಣೆದುರಿಗೇ ಪ್ರಾಣ ಬಿಡುತ್ತಾನೆಂಬುದು ಗಣಪತಿಶಾಸ್ತ್ರಿಗಳು ಆ ನಾಟಕಗಳನ್ನು ಅಚ್ಚುಹಾಕಿಸಿದ ಕಾಲದಿಂದಲೂ ಪಂಡಿತರ ಚರ್ಚೆಯ ವಿಷಯವಾಗಿದೆ. ವಿಧಿಯನ್ನು ಮೀರಿದ ಮಾತ್ರಕ್ಕೆ ಕೃತಿ ದೊಡ್ಡದಾಗುವುದಿಲ್ಲ, ಚಿಕ್ಕದೂ ಆಗುವುದಿಲ್ಲ. ಏತಕ್ಕಾಗಿ ಮೀರಿತು ಎಂಬುದೇ ಮುಖ್ಯವಾದುದು.

ಕಥೆಯ ಮೂಲವು ಪ್ರೊಸ್ಪೇರ್ ಮೆರಿಮೇ ಎಂಬ ಲೇಖಕನದು. ಆತನು 1830ರಲ್ಲಿ ಸ್ಪೇನ್ ದೇಶದಲ್ಲಿ ಸಂಚರಿಸುತ್ತಿದ್ದಾಗ ಮೊಂಟಿಹೋ ಎಂಬ ಮನೆತನದ ಗೃಹಿಣಿಯೊಬ್ಬಳು ಒಂದು ಕೊಲೆಯ ವೃತ್ತಾಂತವನ್ನು ಹೇಳಿದಳು. ಆಕೆಯ ಮಗಳೇ ಮುಂದೆ ಫ್ರಾನ್ಸಿನ ಸಮ್ರಾಜ್ಞಿಯಾದ ಯೂಜೆನಿ. ಹದಿನೈದು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು ಮೆರಿಮೇ 1845ರಲ್ಲಿ ‘ಕಾರ್ಮೆನ್’ ಎಂಬ ಸಣ್ಣ ಕಾದಂಬರಿಯನ್ನು ಪ್ರಕಟಿಸಿದನು. ಸೆವಿಲ್ ನಗರದ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಕಾರ್ಮೆನ್ ಎಂಬ ಜಿಪ್ಸಿ ಹೆಣ್ಣು. ಅವಳನ್ನು ಸೆರೆಗೆ ಒಯ್ಯಬೇಕಾದವನು ಡಾನ್ ಹೋಸೆ ಎಂಬ ಸಿಪಾಯಿ. ಅವನು ಅವಳ ಮಾತಿಗೆ ಮರುಳಾಗಿ ಅವಳನ್ನು ಬಿಟ್ಟುಬಿಡುತ್ತಾನೆ, ತಾನು ಸೆರೆಮನೆ ಕಾಣುತ್ತಾನೆ, ದಂಡನ್ನು ಬಿಟ್ಟು ಕಳ್ಳಸಾಗಣೆಯವರ ಗುಂಪನ್ನು ಸೇರುತ್ತಾನೆ. ಅವಳ ಮನಸ್ಸು ಇನ್ನೊಬ್ಬನ ಕಡೆಗೆ ತಿರುಗಿದಾಗ ಅವಳನ್ನು ಇರಿದು ಕೊಲ್ಲುತ್ತಾನೆ. ಕಾದಂಬರಿಯಲ್ಲಿ ಈ ಕಥೆಯನ್ನು ಹೇಳುವವನು ಮರಣದಂಡನೆಗೆ ಕಾದು ಕುಳಿತಿರುವ ಹೋಸೆಯೇ. ಕೇಳುವವನು ಹಳೆಯ ಅವಶೇಷಗಳನ್ನು ಹುಡುಕುತ್ತ ಬಂದ ಒಬ್ಬ ಫ್ರೆಂಚ್ ಪಂಡಿತ.

ಈ ಸ್ಥಳದಲ್ಲಿ ಕನ್ನಡದ ವಾಚಕರು ಸ್ವಲ್ಪ ನಿಲ್ಲಬೇಕು. ಮೆರಿಮೇ ತನ್ನ ಗ್ರಂಥಕ್ಕೆ ಅನಂತರದಲ್ಲಿ ಒಂದು ಅಧ್ಯಾಯವನ್ನು ಸೇರಿಸಿ ಅದರಲ್ಲಿ ಜಿಪ್ಸಿಗಳ ನಡೆನುಡಿಗಳನ್ನು ವಿವರಿಸಿದನು. ‘ಜಿಪ್ಸಿ’ ಎಂಬುದು ಅವರನ್ನು ಈಜಿಪ್ತಿನವರೆಂದು ತಪ್ಪಾಗಿ ತಿಳಿದವರು ಇಟ್ಟ ಹೆಸರು. ತಮ್ಮನ್ನು ಅವರು ‘ರೋಮ’ರೆಂದು ಕರೆದುಕೊಳ್ಳುತ್ತಾರೆ, ಸ್ಪೇನಿನವರು ‘ಕಾಲೇ’ ಎನ್ನುತ್ತಾರೆ, ಎಂದರೆ ಕಪ್ಪಾದವರು, ನಮ್ಮ ‘ಕಾಲ’ ಶಬ್ದವೇ ಅದು. ಮೆರಿಮೇಯ ಕಾರ್ಮೆನ್ ತನ್ನನ್ನು ‘ಕಾಲಿ’ ಎಂದು ಹೆಮ್ಮೆಯಿಂದ ಕರೆದುಕೊಳ್ಳುವಾಗ ಆಡುತ್ತಿರುವುದು ನಮಗೆ ದೂರದ ನೆಂಟಸ್ತಿಕೆಯ ಒಂದು ನುಡಿಯನ್ನು. ನೀರಿಗೆ ಅವರು ‘ಪಾನಿ’ ಎನ್ನುತ್ತಾರೆ, ಮನುಷ್ಯನಿಗೆ ‘ಮನುಷ್’, ಕಣ್ಣಿಗೆ ‘ಯಾಖ್’, ಹತ್ತಕ್ಕೆ ‘ದೆಶ್’, ಹಸಿವೆಗೆ ‘ಬೋಖ್’. ಪಾನೀಯ, ಮನುಷ್ಯ, ಅಕ್ಷಿ, ದಶ, ಬುಭುಕ್ಷಾ ಎಂಬ ಮಾತುಗಳನ್ನು ಬಲ್ಲವರಿಗೆ ಬೇರೆ ನಿಘಂಟು ಬೇಡ. ಇರಿಯುವ ಆಯುಧಕ್ಕೆ ಅವರಾಡುವ ‘ಚುರಿ’ ಎಂಬ ಮಾತು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ವಿಲಿಯಂ ಜೋನ್ಸ್ ಸಂಸ್ಕೃತದ ವಿಷಯವಾಗಿ ಕಲ್ಕತ್ತೆಯಲ್ಲಿ 1786ರ ತನ್ನ ಪ್ರಸಿದ್ಧ ಭಾಷಣವನ್ನು ಮಾಡುವುದಕ್ಕೆ ಮುಂಚೆಯೇ ಜರ್ಮನಿಯ ಇಬ್ಬರು ಪಂಡಿತರು, ರ್ಯೂಡಿಗರ್ ಮತ್ತು ಗ್ರೆಲ್ಮನ್, ಈ ನುಡಿಯ ಭಾರತೀಯ ಮೂಲವನ್ನು ಎತ್ತಿ ತೋರಿಸಿದ್ದರು. ಭರತಖಂಡದಿಂದ ನೂರಾರು ವರ್ಷ ಪಶ್ಚಿಮಕ್ಕೆ ನಡೆದುಹೋದ ಈ ಜನರು ಸ್ಪೇನನ್ನು ಮುಟ್ಟಿದ್ದು 15ನೆಯ ಶತಮಾನದಲ್ಲಿ. ಅಲ್ಲಿ ಅವರಿಗೆ ದೊರೆತ ಆತಿಥ್ಯವು ನೆನೆಯುವಂಥದಲ್ಲ. 1749ರಲ್ಲಿ ದೊರೆಯ ಅಪ್ಪಣೆಯಿಂದ ಸಾವಿರಾರು ಕುಟುಂಬಗಳನ್ನು ಒಂದೇ ಸಲಕ್ಕೆ ಹಿಡಿದು ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆ ಸೆರೆಗಳಿಗೆ ನೂಕಿದರು. ಕಾರ್ಮೆನ್ ಎಂಬ ಕಲ್ಪಿತ ಹೆಣ್ಣಿನಿಂದಾಗಿ ಲೋಕದ ಕಣ್ಣಿಗೆ ಜಿಪ್ಸಿ ಎಂದರೆ ಮೋಡಿ, ಕಳವು, ಚೂರಿ ಎಂದಷ್ಟೇ ಆಯಿತೆಂದು ರೋಮರ ಕಡೆಯವರು ಆಕ್ಷೇಪಿಸಿದರೆ ಅದನ್ನು ಅನ್ಯಾಯವೆನ್ನಲಾಗದು.

ಬಿಜೇಗೆ ಈ ಭಾಷಾವಿಚಾರಗಳಲ್ಲಿ ಆಸಕ್ತಿಯಿರಲಿಲ್ಲ. ಆತನು ಹುಟ್ಟಿದ್ದು 1838ರಲ್ಲಿ, ಪ್ಯಾರಿಸ್ ನಗರದಲ್ಲಿ. ತಂದೆ ಸಂಗೀತ ಹೇಳಿಕೊಡುವವನು, ತಾಯಿ ಪಿಯಾನೋ ವಾದ್ಯದಲ್ಲಿ ನುರಿತವಳು. ಹತ್ತು ತುಂಬುವುದಕ್ಕೆ ಮೊದಲೇ ಸಂಗೀತಶಾಲೆಗೆ ಸೇರಿದನು; 1857ರಲ್ಲಿ ರೋಮ್ ನಗರದಲ್ಲಿದ್ದು ಅಭ್ಯಾಸ ಮಾಡುವ ದೊಡ್ಡ ಪಾರಿತೋಷಕವನ್ನು ಗೆದ್ದನು. ಹದಿನೇಳನೆಯ ವಯಸ್ಸಿನಲ್ಲಿ ಬರೆದ ವಾದ್ಯಮೇಳದ ಕೃತಿಯೊಂದು ಎಂಬತ್ತು ವರ್ಷ ಕಡತದಲ್ಲಿ ಮಲಗಿದ್ದು 1935ರಲ್ಲಿ ಮೊದಲ ಸಲ ಕೇಳಿಬಂದಿತು. 1863ರಲ್ಲಿ ಆತನು ‘ಮುತ್ತು ತೆಗೆಯುವವರು’ ಎಂಬ ರೂಪಕವನ್ನು ರಚಿಸಿದನು. ಅದರ ಸ್ಥಳವು ಸಿಂಹಳದ್ವೀಪ; ಪಾತ್ರಗಳು ಬ್ರಹ್ಮನನ್ನು ಪ್ರಾರ್ಥಿಸುವ ಬೆಸ್ತರು. ಬ್ರಹ್ಮನಿಗೆ ಇಷ್ಟು ಭಕ್ತರನ್ನು ಪ್ಯಾರಿಸಿನವರಲ್ಲದೆ ಮತ್ತಾರು ಒದಗಿಸಿಯಾರು! ಬಿಜೇ ಸಿಂಹಳವನ್ನು ಕಂಡವನಲ್ಲ. ಹಾಗೆಯೇ ಸ್ಪೇನಿನ ಗಡಿಯನ್ನೂ ಎಂದೂ ದಾಟಿದವನಲ್ಲ.

ಮೂಲಕಥೆಯಲ್ಲಿ ಹೋಸೆಯ ಕೈಗೆ ರಕ್ತ ಅಂಟಿರುವುದು ಒಂದು ಸಲವಲ್ಲ. ಕಾರ್ಮೆನಳಿಗೆ ಒಕ್ಕಣ್ಣನಾದ ಒಬ್ಬ ಗಂಡನೂ ಇದ್ದು, ಅವನನ್ನೂ ಹೋಸೆಯೇ ಕೊಲ್ಲುತ್ತಾನೆ. ಅಲೆವಿಯೂ ಅವನ ಜೊತೆಗಾರನಾದ ಆಂರಿ ಮೆಯಾಕನೂ ಇದನ್ನೆಲ್ಲ ತೊಡೆದುಹಾಕಿ, ಸಂಸಾರಸ್ಥರ ಸಮಾಧಾನಕ್ಕಾಗಿ ಮಿಕಯೇಲಾ ಎಂಬ ಸಾಧ್ವಿಯಾದ ಹಳ್ಳಿಯ ಹುಡುಗಿಯನ್ನು ಸೃಷ್ಟಿಸಿದರು. ಮೂಲದಲ್ಲಿ ಅಲ್ಪಪಾತ್ರನಾಗಿದ್ದ ಗೂಳಿಕಾಳಗದವನನ್ನು ಎಸ್ಕಮಿಲ್ಲೋ ಎಂಬ ಮೆರೆಯುವ ವೀರನನ್ನಾಗಿ ಮಾಡಿದರು. ಇದು ಮೃದುಗೊಳಿಸುವ ಉಪಾಯ. ಆದರೆ ಕೊನೆಯ ಕೊಲೆಯನ್ನು ಮೃದುಗೊಳಿಸಲು ಬಿಜೇ ಒಪ್ಪಲಿಲ್ಲ.

ಅಭ್ಯಾಸದ ದಿನಗಳು ಜಗಳದಲ್ಲಿಯೇ ಕಳೆದವು. ವಾದ್ಯಮೇಳದವರು ಕೆಲವು ಭಾಗಗಳನ್ನು ನುಡಿಸುವುದೇ ಅಸಾಧ್ಯವೆಂದರು. ಸಾಲಾಗಿ ನಿಂತು ಹಾಡಿ ಅಭ್ಯಾಸವಾಗಿದ್ದ ಮೇಳದ ಹೆಂಗಸರಿಗೆ ಇಲ್ಲಿ ಒಬ್ಬೊಬ್ಬರಾಗಿ ರಂಗಕ್ಕೆ ಬರಬೇಕು, ಹೊಗೆ ಸೇದಬೇಕು, ಜುಟ್ಟು ಹಿಡಿದು ಹೊಡೆದಾಡಬೇಕು, ಜೊತೆಗೆ ಹಾಡಬೇಕು. ಅವರು ಮುಷ್ಕರ ಹೂಡುವುದಾಗಿ ಬೆದರಿಸಿದರು. ಉಳಿದ ನಿರ್ದೇಶಕನಾದ ಕಾಮಿಯ್ ದ್ಯು ಲೋಕ್ಲನ ಧೈರ್ಯವೂ ಕುಗ್ಗಿತು. ತನ್ನ ಕುಟುಂಬಕ್ಕಾಗಿ ಬಾಕ್ಸೊಂದನ್ನು ಕೇಳಿದ ಮಂತ್ರಿಯೊಬ್ಬನಿಗೆ ಆತನು, ಮೊದಲು ತಾವೊಬ್ಬರೇ ಅಭ್ಯಾಸಕ್ಕೆ ಬಂದು ನೋಡಿ, ಕುಟುಂಬವನ್ನು ಕರೆತರುವ ವಿಚಾರವನ್ನು ಆಮೇಲೆ ತೀರ್ಮಾನಿಸಬಹುದೆಂದು ಸೂಚಿಸಿದನಂತೆ. ತನ್ನ ಅಂಗಡಿಯ ಸರಕನ್ನು ತಾನೇ ಹಳಿದ ವರ್ತಕನಿವನು. ಕಡೆಯವರೆಗೆ ಬಿಜೇಯ ಪಕ್ಷದಲ್ಲಿ ನಿಂತವಳು ಕಾರ್ಮೆನ್ ಪಾತ್ರದ ಗಾಯಕಿ ಸೆಲೆಸ್ತೀನ್ ಗಾಲಿ-ಮಾರಿಯೇ. ಕೊನೆಯ ದೃಶ್ಯವನ್ನು ಬದಲಾಯಿಸುವುದಾದರೆ ತಾವು ಹಾಡುವುದಿಲ್ಲವೆಂದು ಆಕೆಯೂ ಹೋಸೆಯ ಪಾತ್ರದ ಲೇರಿಯೂ ಹಟ ಹಿಡಿದರೆಂದು ಹೇಳುತ್ತಾರೆ.

ಆಕೆಯು ಬಿಜೇಯನ್ನೂ ಸುಮ್ಮನೆ ಬಿಡಲಿಲ್ಲ. ರಂಗಪ್ರವೇಶದ ಹಾಡು ತನಗೆ ಒಪ್ಪುವುದಿಲ್ಲವೆಂದು ಮತ್ತೆ ಮತ್ತೆ ತಿದ್ದಿಸಿದಳು. ಕೊನೆಗೆ ಆತನು ಹವಾನಾ ಕಡೆಯ ಕುಣಿತದ ಲಯದಲ್ಲಿದ್ದ ಒಂದು ಹಾಡನ್ನು ಜನಪದದ್ದೆಂದು ಭಾವಿಸಿ ತೆಗೆದುಕೊಂಡು ತನ್ನ ಕೈಚಳಕದಿಂದ ಹೊಸದುಮಾಡಿದನು. ಅದು ಇರಾದಿಯೇರ್ ಎಂಬ ಸ್ಪೇನಿನ ಸ್ವರಕರ್ತನ ಕೃತಿಯೆಂದು ತಿಳಿದಮೇಲೆ ಅಚ್ಚಾದ ಸ್ವರಲಿಪಿಯಲ್ಲಿ ಋಣವನ್ನು ಒಪ್ಪಿಕೊಂಡನು. ಇಂದು ‘ಹಬನೇರಾ’ ಎಂದರೆ ಜಗತ್ತಿಗೆ ನೆನಪಾಗುವುದು ಅದೊಂದೇ ಹಾಡು.

ಇನ್ನು ಎದೆಯೊಡೆದು ಸತ್ತನೆಂಬ ಮಾತು. ಪತ್ರಿಕೆಗಳಲ್ಲಿ ಹೆಚ್ಚಿನವು ನಾಯಿಕೆಯ ನಡತೆಯನ್ನು ಹಳಿದವು, ವಾಗ್ನರನ ಅನುಕರಣವೆಂದು ಸಂಗೀತವನ್ನು ದೂರಿದವು, ಇದು ನಿಜ. ಬೊಂಬೆಗಳ ಬದಲು ನಿಜವಾದ ಗಂಡಸರನ್ನೂ ಹೆಂಗಸರನ್ನೂ ರಂಗಕ್ಕೆ ತಂದನೆಂದು ಕವಿ ಬಾಂವಿಲ್ ಹೊಗಳಿದುದೂ ನಿಜ. ಪ್ರಥಮಪ್ರಯೋಗದ ದಿನವೇ ಬಿಜೇಗೆ ಸರ್ಕಾರದ ಗೌರವಪದಕವು ಪ್ರಕಟವಾಗಿದ್ದಿತು. ಸಂಜೆಯಾದರೆ ಕೊಡುವುದು ಸಾಧ್ಯವಾಗದೆಂದು ತಿಳಿದು ಬೆಳಗ್ಗೆಯೇ ಕೊಟ್ಟರೆಂದು ಕುಹಕಿಗಳು ಆಡಿಕೊಂಡರು. ಸಭಾಂಗಣ ಎಷ್ಟೋ ದಿನ ಅರ್ಧವೂ ತುಂಬಲಿಲ್ಲ. ಟಿಕೀಟುಗಳನ್ನು ಧರ್ಮಕ್ಕೆ ಹಂಚಬೇಕಾಯಿತು. ಆದರೂ ಲೆಕ್ಕವನ್ನು ನೋಡಬೇಕು. ‘ಮುತ್ತು ತೆಗೆಯುವವರು’ ನಡೆದುದು 18 ರಾತ್ರಿ. 1872ರ ‘ಜಮಿಲೇ’ ಹತ್ತು ಹನ್ನೊಂದನ್ನು ದಾಟಲಿಲ್ಲ. ‘ಕಾರ್ಮೆನ್’ ಆದರೋ ಬಿಜೇ ತೀರಿಕೊಳ್ಳುವ ರಾತ್ರಿ 33ನೆಯ ಸಲ ನಡೆಯುತ್ತಿದ್ದಿತು. 1876ರ ಫೆಬ್ರವರಿಯಲ್ಲಿ ನಿಲ್ಲುವ ವೇಳೆಗೆ 48 ಸಲ ನಡೆದಿದ್ದಿತು. ಆತನ ಜೀವಮಾನದಲ್ಲಿ ಆತನ ಯಾವ ರೂಪಕಕ್ಕೂ ಇಷ್ಟು ಆಯುಸ್ಸು ದೊರೆತಿರಲಿಲ್ಲ.

ಮರಣದ ಕಾರಣವೂ ಶರೀರಸಂಬಂಧವಾದುದೇ. ಆತನಿಗೆ ಬಹುಕಾಲದಿಂದ ಗಂಟಲಿನ ಹುಣ್ಣಿನ ಬಾಧೆಯಿದ್ದಿತು, ಸಂಧಿವಾತವೂ ಸೇರಿಕೊಂಡಿತ್ತು. ಮೇ ತಿಂಗಳ ಕೊನೆಯಲ್ಲಿ ಬೂಜಿವಾಲ್ ಎಂಬ ಗ್ರಾಮಕ್ಕೆ ವಿಶ್ರಾಂತಿಗಾಗಿ ಹೋದವನು ಸೇನ್ ನದಿಯಲ್ಲಿ ಈಜಿದನು. ಮರುದಿನ ಜ್ವರ ಬಂದಿತು, ಎದೆನೋವು ಬಂದಿತು. ಎರಡನೆಯ ಸಲದ ಆಘಾತವನ್ನು ಹೃದಯವು ತಾಳಲಿಲ್ಲ. ಆ ದಿನ ಆತನ ಮದುವೆಯ ಆರನೆಯ ವಾರ್ಷಿಕ ದಿನವಾಗಿದ್ದಿತು. ಬಿಜೇ ತನ್ನ ಕೃತಿ ಸೋತಿತೆಂದು ನಂಬಿಕೊಂಡೇ ಸತ್ತನೆಂಬುದು ಮಾತ್ರ ದುಃಖಕರವಾದ ಸತ್ಯ. ವಿಯೆನ್ನಾ ನಗರದ ರಾಜಮಂದಿರದಲ್ಲಿ ಅದನ್ನು ಆಡುವ ಕರಾರಿಗೆ ಸಾಯುವ ಹಿಂದಿನ ದಿನವಷ್ಟೆ ಅವನ ರುಜು ಬಿದ್ದಿದ್ದಿತು.

ಆ ಕರಾರೇ ಕೃತಿಯ ಎರಡನೆಯ ಜನ್ಮ. ಬಿಜೇಯ ಮಿತ್ರನಾದ ಅರ್ನೆಸ್ಟ್ ಗಿರೋ ಎಂಬಾತನು ಮಾತಿನ ಸಂಭಾಷಣೆಗಳನ್ನು ತೆಗೆದು ಅವುಗಳ ಸ್ಥಳದಲ್ಲಿ ಹಾಡಿಕೊಂಡು ಹೇಳುವ ಗದ್ಯಗಾನವನ್ನು ರಚಿಸಿ ಸೇರಿಸಿದನು. 1875ನೆಯ ಅಕ್ಟೋಬರ್ 23ರಂದು ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಯೋಗವಾದಾಗ ಜನರು ಮುಗಿಬಿದ್ದರು. ಬ್ರಾಮ್ಸನು ಇಪ್ಪತ್ತು ಸಲ ನೋಡಿದನೆಂದು ಪ್ರತೀತಿ. 1876ರಲ್ಲಿ ಬ್ರಸೆಲ್ಸ್, 1878ರಲ್ಲಿ ಲಂಡನ್ ಮತ್ತು ನ್ಯೂಯಾರ್ಕ್. ಪ್ಯಾರಿಸಿನ ಕೊನೆಯ ಪ್ರಯೋಗಗಳಲ್ಲೊಂದನ್ನು ನೋಡಿದ್ದ ರಷ್ಯಾದ ಚೈಕಾವ್‌ಸ್ಕಿ ಇನ್ನು ಹತ್ತು ವರ್ಷದಲ್ಲಿ ಇದು ಲೋಕದಲ್ಲೆಲ್ಲ ಅತ್ಯಂತ ಜನಪ್ರಿಯವಾಗುವುದೆಂದು 1880ರಲ್ಲಿ ಪತ್ರ ಬರೆದನು, ಮಾತು ತಪ್ಪಲಿಲ್ಲ. ವಾಗ್ನರನ ಶಿಷ್ಯನಾಗಿದ್ದು ಅನಂತರ ತಿರುಗಿಬಿದ್ದ ತತ್ತ್ವಜ್ಞ ನೀಚೆಯು ವಾಗ್ನರನ ಮಂಜಿಗೆ ಇದನ್ನು ಸೂರ್ಯಪ್ರಕಾಶವೆಂಬಂತೆ ಎದುರು ಹಿಡಿದನು. ಅದರಲ್ಲಿ ಸಂಗೀತಪ್ರೇಮಕ್ಕಿಂತ ಹಳೆಯ ಗುರುವಿನ ಮೇಲಣ ಕೋಪವೇ ಹೆಚ್ಚಾಗಿರಬಹುದು. ಆದರೂ ಇಪ್ಪತ್ತು ಸಲ ಕೇಳಿದವನ ಕಿವಿಯನ್ನು ಅಲ್ಲಗಳೆಯುವಂತಿಲ್ಲ.

ಪ್ಯಾರಿಸಿಗೆ ಕೃತಿಯು ಮರಳಿದ್ದು 1883ರಲ್ಲಿ. ಏಪ್ರಿಲಿನಲ್ಲಿ ಅದನ್ನು ಸೋಸಿ ಸಪ್ಪೆಮಾಡಿ, ಮರ್ಯಾದಸ್ಥ ಕಾರ್ಮೆನಳೊಬ್ಬಳನ್ನು ತೋರಿಸಿದರು. ಎಂಟು ವರ್ಷಗಳ ಹಿಂದೆ ಅತಿಯಾಯಿತೆಂದು ಮುಖ ಸಿಂಡರಿಸಿದ್ದ ನಗರವೇ ಈಗ ಸಾಲದೆಂದು ದೂರಿತು! ಅಕ್ಟೋಬರಿನಲ್ಲಿ ಗಾಲಿ-ಮಾರಿಯೇಯನ್ನು ಮತ್ತೆ ಕರೆಸಬೇಕಾಯಿತು. ಅದೇ ಮಂದಿರದಲ್ಲಿ 1904ನೆಯ ಡಿಸೆಂಬರಿನಲ್ಲಿ 1000ನೆಯ ಪ್ರಯೋಗವು ನಡೆಯಿತು.

ಗಿರೋನ ಸೇರ್ಪಡೆಯ ವಿಚಾರದಲ್ಲಿ ಒಂದು ಮಾತು ಹೇಳಬೇಕು. ಅದಿಲ್ಲದಿದ್ದರೆ ಹೊರದೇಶದ ದೊಡ್ಡ ಮಂದಿರಗಳು ಕೃತಿಯನ್ನು ಮುಟ್ಟುತ್ತಿರಲಿಲ್ಲ. ಆದರೆ ಅದರಿಂದ ಕಥೆಯ ಎಷ್ಟೋ ಸೂಕ್ಷ್ಮಗಳು, ಅದರಲ್ಲಿಯೂ ಹೋಸೆಯ ಪೂರ್ವವೃತ್ತಾಂತದ ಮಾತುಗಳು, ಮರೆಯಾದವು. 20ನೆಯ ಶತಮಾನದ ಉತ್ತರಾರ್ಧದಲ್ಲಿ, ವಿಶೇಷವಾಗಿ 1964ರಲ್ಲಿ ಹೊಸ ಸಂಪಾದನೆಯೊಂದು ಅಚ್ಚಾದಮೇಲೆ, ಮಾತಿನ ಭಾಗಗಳು ಮತ್ತೆ ರಂಗಕ್ಕೆ ಬರತೊಡಗಿದವು. ಆ ಸಂಪಾದಕನು ಬಿಜೇ ತಾನೇ ಹೊಡೆದುಹಾಕಿದ್ದ ಭಾಗಗಳನ್ನೂ ಸೇರಿಸಿದನೆಂಬ ಜಗಳವು ಬೇರೆ. ಪಾಠಾಂತರಗಳ ಜಗಳಕ್ಕೆ ಅಂತ್ಯವೆಲ್ಲಿ?

ದೀರ್ಘಾಯುಸ್ಸಿನ ಮುಖ್ಯ ಕಾರಣವು ಸಂಗೀತದಲ್ಲಿಯೇ ಇದೆ. ಆರಂಭದ ವಾದ್ಯಗಾನದಲ್ಲಿ ಗೂಳಿಕಾಳಗದ ಸಂಭ್ರಮವೆಲ್ಲ ಮೊಳಗಿ, ಥಟ್ಟನೆ ನಿಂತು, ಐದು ಸ್ವರಗಳ ಒಂದು ಕರಾಳವಾದ ಸಂಚಾರವು ಕೇಳಿಬರುತ್ತದೆ. ಅದರಲ್ಲಿ ನಮ್ಮ ಮಾಯಾಮಾಳವಗೌಳದ ಶುದ್ಧ ರಿಷಭಕ್ಕೂ ಅಂತರ ಗಾಂಧಾರಕ್ಕೂ ನಡುವೆ ಇರುವಂಥ ಅಗಲವಾದ ಸ್ವರಾಂತರವೊಂದಿದೆ; ಪಾಶ್ಚಾತ್ಯರ ಕಿವಿಗೆ ಅದು ಪರದೇಶದ್ದು, ಅಪಶಕುನದ್ದು. ಈ ಸಂಚಾರವು ಕಾರ್ಮೆನಳ ಹಿಂದೆಯೇ ನೆರಳಿನಂತೆ ನಡೆಯುತ್ತದೆ. ಒಮ್ಮೆ ವೇಗವಾಗಿ ನಗೆಯ ಹಾಗೆ, ಒಮ್ಮೆ ನಿಧಾನವಾಗಿ ಮೃತ್ಯುವಿನ ಹಾಗೆ. ಮೂರನೆಯ ಅಂಕದಲ್ಲಿ ಗೆಳತಿಯರಿಬ್ಬರು ಇಸ್ಪೀಟೆಲೆಗಳಲ್ಲಿ ಭವಿಷ್ಯವನ್ನು ನೋಡುತ್ತ ಒಬ್ಬಳು ಪ್ರಿಯನನ್ನೂ ಒಬ್ಬಳು ಧನಿಕನಾದ ಮುದುಕನನ್ನೂ ಕಂಡು ನಗುತ್ತಾರೆ. ಕಾರ್ಮೆನ್ ಎಲೆ ತಿರುವಿದಾಗಲೆಲ್ಲ ಮರಣವೇ ಬರುತ್ತದೆ. ಅಲ್ಲಿ ಬಿಜೇ ಅವಳ ಬಾಯಲ್ಲಿ ಅಳುವಿನ ಹಾಡನ್ನಿಡದೆ ಏರಿಳಿತವಿಲ್ಲದ, ಸಮಾಧಾನದ ಮಂದ್ರಗಾನವನ್ನಿಟ್ಟನು. ಹಬನೇರಾದಲ್ಲಿ ಜಾರಿ ಜಾರಿ ಆಟವಾಡುವ ಕಂಠವೇ ಇದೆಂದು ನಂಬುವುದು ಕಷ್ಟ.

ಕೊನೆಯ ದೃಶ್ಯವಂತೂ ಅದ್ವಿತೀಯ. ಒಳಗೆ ಕಾಳಗದ ಅಂಗಳದಲ್ಲಿ ಜನರು ಎಸ್ಕಮಿಲ್ಲೋನನ್ನು ಹೊಗಳಿ ಕೂಗುತ್ತಿದ್ದಾರೆ, ಹೊರಗೆ ಇಬ್ಬರೇ. ಅವನು ಬೇಡುತ್ತಾನೆ, ಹೆದರಿಸುತ್ತಾನೆ. ಅವಳು ಅವನು ಕೊಟ್ಟಿದ್ದ ಉಂಗುರವನ್ನು ಕಿತ್ತೆಸೆಯುತ್ತಾಳೆ. ಒಳಗಿನ ಜಯಘೋಷವು ತಾರಕ್ಕೇರಿದಾಗಲೇ ಹೊರಗೆ ಚೂರಿ ಬೀಳುತ್ತದೆ. ಸ್ವರಕರ್ತನು ಅವಳ ಪರವಾಗಿ ವಾದಿಸುವುದಿಲ್ಲ. ಅವಳನ್ನು ದಂಡಿಸಿ ನೀತಿ ಹೇಳುವುದೂ ಇಲ್ಲ. 1875ರ ಸಭೆಗೆ ತಣ್ಣೀರೆರಚಿದ್ದು ಕೊಲೆಯಲ್ಲ, ನೀತಿಯಿಲ್ಲದ ಈ ಮೌನವೇ ಎಂದು ತೋರುತ್ತದೆ.

‘ಮೃಚ್ಛಕಟಿಕ’ವನ್ನು ಓದಿದವರಿಗೆ ಇಲ್ಲೊಂದು ಹೋಲಿಕೆ ಹೊಳೆಯದಿರದು. ವಸಂತಸೇನೆಯೂ ಒಲ್ಲೆನೆಂದಳು, ಆ ಒಂದು ತಪ್ಪಿಗಾಗಿ ಶಕಾರನು ಉದ್ಯಾನದಲ್ಲಿ ಅವಳ ಕುತ್ತಿಗೆಯನ್ನು ಒತ್ತಿದನು. ಶೂದ್ರಕನು ಭಿಕ್ಷುವೊಬ್ಬನನ್ನು ಕಳುಹಿಸಿ ಅವಳನ್ನು ಬದುಕಿಸಿಕೊಂಡನು. ಇದಕ್ಕಿಂತ ಮುಖ್ಯವಾದ ಭೇದವೊಂದಿದೆ. ಶಕಾರನನ್ನು ಕಂಡರೆ ಸಭೆ ನಗುತ್ತದೆ, ಹೇಸುತ್ತದೆ; ಹೋಸೆಯನ್ನು ಕಂಡರೆ ಮರುಗುತ್ತದೆ. ಅವನ ಹಾಡುಗಳು ಅಷ್ಟು ಮಧುರ. ಕೊಲೆಗಾರನಿಗೆ ಇಷ್ಟು ಕರುಣೆಯನ್ನು ಸಂಪಾದಿಸಿಕೊಡುವ ಮಾಧುರ್ಯದಲ್ಲಿ ಅಪಾಯವಿಲ್ಲವೇ ಎಂದು ಇತ್ತೀಚೆಗೆ ಅನೇಕರು ಕೇಳುತ್ತಿದ್ದಾರೆ. 2018ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಪ್ರಯೋಗದಲ್ಲಿ, ಹೆಣ್ಣಿನ ಕೊಲೆಗೆ ಸಭಿಕರು ಚಪ್ಪಾಳೆ ತಟ್ಟುವುದು ಸಲ್ಲದೆಂದು ಕೊನೆಯನ್ನೇ ತಿರುಗಿಸಿ, ಕಾರ್ಮೆನ್ ಹೋಸೆಯ ಪಿಸ್ತೂಲನ್ನು ಕಿತ್ತುಕೊಂಡು ಅವನನ್ನು ಕೊಲ್ಲುವಂತೆ ಮಾಡಿದರು. ಪ್ರಶ್ನೆಯು ಯೋಗ್ಯವಾದುದು, ಉತ್ತರ ಮಾತ್ರ ದುರ್ಬಲ. ಇಸ್ಪೀಟೆಲೆಯ ದೃಶ್ಯದಲ್ಲಿ ಮರಣವನ್ನು ಕಂಡೂ ಅಂಗಳದ ಬಾಗಿಲಿಗೆ ತಾನಾಗಿ ನಡೆದುಬಂದವಳ ಕೈಗೆ ಪಿಸ್ತೂಲನ್ನಿಟ್ಟರೆ ಅವಳ ಧೈರ್ಯವು ಹೆಚ್ಚುವುದಿಲ್ಲ, ಕಡಮೆಯಾಗುತ್ತದೆ. ಸಂಗೀತವಂತೂ ಬದಲಾಗಲಿಲ್ಲ, ಅದು ಅವಳ ಸಾವನ್ನೇ ನುಡಿಯುತ್ತಿದ್ದಿತು.

ಬೇರೆ ಬೇರೆ ಜನಗಳು ಅವಳನ್ನು ತಮ್ಮವಳನ್ನಾಗಿ ಮಾಡಿಕೊಂಡ ರೀತಿ ಇದಕ್ಕಿಂತ ಸೊಗಸಾಗಿದೆ. 1943ರಲ್ಲಿ ನ್ಯೂಯಾರ್ಕಿನಲ್ಲಿ ಅವಳು ಯುದ್ಧಸಾಮಗ್ರಿಯ ಕಾರ್ಖಾನೆಯ ನೀಗ್ರೋ ಹೆಂಗಸಾದಳು. 1967ರಲ್ಲಿ ಮಾಸ್ಕೋದಲ್ಲಿ ಮಾಯಾ ಪ್ಲಿಸೆತ್ಸ್ಕಾಯಾ ಎಂಬ ನರ್ತಕಿಯು ಹಾಡಿಲ್ಲದೆ ಬರಿಯ ನೃತ್ಯದಿಂದಲೇ ಅವಳನ್ನು ತೋರಿಸಿದಳು. 1983ರಲ್ಲಿ ಸ್ಪೇನಿನ ಕಾರ್ಲೋಸ್ ಸಾವುರಾ ಅವಳನ್ನು ಚಲಚ್ಚಿತ್ರದಲ್ಲಿ ತನ್ನ ನಾಡಿನ ಕುಣಿತಕ್ಕೆ ಹಿಂತಿರುಗಿಸಿದನು. 2005ರಲ್ಲಿ ಬರ್ಲಿನ್ ಚಿತ್ರೋತ್ಸವದ ಅಗ್ರಪ್ರಶಸ್ತಿಯನ್ನು ಪಡೆದ ಚಿತ್ರದಲ್ಲಿ ಅವಳು ದಕ್ಷಿಣ ಆಫ್ರಿಕದ ಖೋಸಾ ಭಾಷೆಯಲ್ಲಿ ಹಾಡಿದಳು.

ಸೆವಿಲ್ ನಗರದ ಆ ಹೊಗೆಸೊಪ್ಪಿನ ಕಾರ್ಖಾನೆಯ ವಿಸ್ತಾರವಾದ ಕಟ್ಟಡದಲ್ಲಿ ಈಗ ವಿಶ್ವವಿದ್ಯಾನಿಲಯವಿದೆ. ಗೂಳಿಕಾಳಗದ ಅಂಗಳವು ಹಿಂದಿನಂತೆಯೇ ನದಿಯ ಬಳಿ ನಿಂತಿದೆ. ಅದರ ಎದುರಿಗೆ, ರಸ್ತೆಯ ಆಚೆಯ ಬದಿಯಲ್ಲಿ, ಅಲ್ಲಿಯ ಜನರು ಕಾರ್ಮೆನಳ ಕಂಚಿನ ಪ್ರತಿಮೆಯೊಂದನ್ನು ನಿಲ್ಲಿಸಿದ್ದಾರೆ.